ಟ್ಯೂಬ್ ಹಚ್ಚುವ ಮೊದಲು ರೋಮ ಬಿಡಿಸಿ ನೋಡಿ

ಬೆಂಗಳೂರಿನ ಹೆಗ್ಗನಹಳ್ಳಿಯ ಬಾಡಿಗೆ ಮನೆಗಳಲ್ಲಿ ನಾಯಿ ಸಾಕಬೇಕೆಂದರೆ ಮೊದಲು ಓನರ್ ಒಪ್ಪಬೇಕು. ಬೆಕ್ಕು ತಂದರೆ ಪಕ್ಕದ ಮನೆಯ ಹಾಲಿನ ಪಾತ್ರೆಗೂ ನಾವೇ ಜವಾಬ್ದಾರರು. ಒಂದು ರೂಮು, ಒಂದು ಅಡುಗೆಮನೆ, ತಲೆಯ ಮೇಲೆ ಶೀಟು ಇರುವ ಸಂಸಾರದಲ್ಲಿ ಮಕ್ಕಳ ಹಟಕ್ಕೂ ದೊಡ್ಡವರ ಅನುಕೂಲಕ್ಕೂ ರಾಜಿಯಾಗಿ ಬರುವುದು ಗಿನಿಪಿಗ್. ಬೊಗಳುವುದಿಲ್ಲ, ಕಚ್ಚುವುದು ಅಪರೂಪ, ಮೂಲೆಯಲ್ಲೊಂದು ಪಂಜರವಿಟ್ಟರೆ ಆಯಿತು. ಸೊಪ್ಪಿನ ಕವರ್ ಸರಪರ ಎಂದರೆ ಮಾತ್ರ 'ವೀಕ್ ವೀಕ್' ಎಂದು ಬೀದಿಗೆ ಕೇಳುವಂತೆ ಕೂಗುತ್ತದೆ.

ತೊಂದರೆ ಶುರುವಾಗುವುದು ಅದು ಮೈ ಕೆರೆದುಕೊಳ್ಳತೊಡಗಿದಾಗ. ಕಿವಿಯ ಹತ್ತಿರ ಹೊಟ್ಟು, ಬೆನ್ನ ಮೇಲೆ ರೋಮವಿಲ್ಲದ ಮಚ್ಚೆ, ಕುತ್ತಿಗೆಯಲ್ಲಿ ಗೀರು. ಮನೆಯವರು ಕ್ರಾಸ್‌ನ ಮೆಡಿಕಲ್ ಸ್ಟೋರಿಗೆ ಹೋಗುತ್ತಾರೆ.

"ಅಣ್ಣಾ, ತುರಿಕೆಗೆ ಒಂದು ಟ್ಯೂಬ್ ಕೊಡಿ."

"ಯಾರಿಗಕ್ಕಾ?"

"ಮೊಲದ ಥರ ಇರುತ್ತಲ್ಲ, ಅದಕ್ಕೆ."

"ಮನುಷ್ಯರಿಗೆ ಹಚ್ಚೋದನ್ನೇ ಸ್ವಲ್ಪ ಹಚ್ಚಿ, ಏನಾಗಲ್ಲ."

ಪೀಣ್ಯದ ಕಾರ್ಖಾನೆಗಳಲ್ಲಿ, ಗಾರ್ಮೆಂಟ್ಸ್‌ನಲ್ಲಿ ಶಿಫ್ಟ್ ಮಾಡುವವರಿಗೆ ಒಂದು ದಿನದ ರಜೆ ಎಂದರೆ ಒಂದು ದಿನದ ಸಂಬಳ. ಜ್ವರ, ಕೆಮ್ಮು, ಮೈಕೈ ನೋವಿಗೆಲ್ಲ ಮೆಡಿಕಲ್ ಸ್ಟೋರೇ ಮೊದಲ ಡಾಕ್ಟರು. ಆ ಅಭ್ಯಾಸವನ್ನು ಇಲ್ಲಿ ಕೂತು ಹೀಗಳೆಯುವುದು ಸುಲಭ, ಹಾಗೆ ಮಾಡಲು ನನಗೆ ಮನಸ್ಸಿಲ್ಲ. ಆದರೆ ಮನೆಯಲ್ಲಿ ಸಾಕುವ ಪ್ರಾಣಿಗಳಲ್ಲಿ ಈ ಅಭ್ಯಾಸಕ್ಕೆ ಸುಲಭವಾಗಿ ಬಲಿಯಾಗುವುದು ಗಿನಿಪಿಗ್. ಅದಕ್ಕೆ ಅದರ ಹೊಟ್ಟೆ ಕಾರಣ.

ಆಕ್ಸ್‌ಫರ್ಡಿನಲ್ಲಿ ಹೋವರ್ಡ್ ಫ್ಲೋರಿಯ ತಂಡ 1940ರ ಮೇ 25ರಂದು ಪೆನಿಸಿಲಿನ್‌ ಅನ್ನು ಮೊದಲು ಪರೀಕ್ಷಿಸಿದ್ದು ಸೋಂಕು ತಗುಲಿಸಿದ ಎಂಟು ಇಲಿಗಳ ಮೇಲೆ. ಮದ್ದು ಸಿಕ್ಕ ನಾಲ್ಕು ಬದುಕಿದವು, ಸಿಗದ ನಾಲ್ಕು ಸತ್ತವು. ಮೂರೇ ವರ್ಷದಲ್ಲಿ, 1943ರಲ್ಲಿ, ಅಮೆರಿಕದಲ್ಲಿ ಡೊರೊಥಿ ಹ್ಯಾಮ್ರೆ ಮತ್ತು ಸಂಗಡಿಗರು ಅದೇ ಪೆನಿಸಿಲಿನ್ ಗಿನಿಪಿಗ್‌ಗಳನ್ನು ಕೊಲ್ಲುತ್ತದೆ ಎಂದು ತೋರಿಸಿದರು. ಹುಲ್ಲು ಅರಗಿಸಲು ಈ ಪ್ರಾಣಿ ತನ್ನ ಕರುಳಿನೊಳಗೆ ಬ್ಯಾಕ್ಟೀರಿಯಾಗಳ ದೊಡ್ಡ ಸಂಸಾರವನ್ನೇ ಸಾಕಿಕೊಂಡಿರುತ್ತದೆ. ಪೆನಿಸಿಲಿನ್ ಜಾತಿಯ ಔಷಧ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದುಹಾಕುತ್ತದೆ. ಖಾಲಿಯಾದ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಎಂಬ ಕೆಟ್ಟ ಜಾತಿ ಬೆಳೆದು ವಿಷ ಕಾರುತ್ತದೆ. ಭೇದಿ ಹತ್ತಿಕೊಂಡು ಕೆಲವೇ ದಿನಗಳಲ್ಲಿ ಪ್ರಾಣ ಹೋಗುತ್ತದೆ. ಮಗುವಿನ ಗಂಟಲುನೋವಿಗೆ ತಂದು ಫ್ರಿಜ್‌ನಲ್ಲಿ ಉಳಿದಿರುವ ಅಮಾಕ್ಸಿಸಿಲಿನ್ ಸಿರಪ್ ಎರಡು ಹನಿ ಹಾಕಿದರೂ ಅಪಾಯವಿದೆ. ಆಂಪಿಸಿಲಿನ್, ಕ್ಲಿಂಡಾಮೈಸಿನ್, ಎರಿಥ್ರೋಮೈಸಿನ್ ಕೂಡ ಇದೇ ಪಟ್ಟಿಯವು. ಹಚ್ಚಿದ ಮುಲಾಮನ್ನೂ ಅದು ನೆಕ್ಕಿ ನುಂಗುತ್ತದೆ. ಹಾಗಾಗಿ ಗಾಯಕ್ಕೆ ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ ಎಂದೇ ಲೆಕ್ಕ ಹಿಡಿಯಬೇಕು.

ಇನ್ನು ಟ್ಯೂಬಿನ ಮಾತು. ಕೌಂಟರ್ ಮೇಲೆ ಸಾಮಾನ್ಯವಾಗಿ ಸಿಗುವುದು ಮಿಕ್ಸ್ ಕ್ರೀಮ್: ಒಂದಿಷ್ಟು ಸ್ಟಿರಾಯ್ಡ್, ಒಂದಿಷ್ಟು ಆಂಟಿಬಯೋಟಿಕ್, ಒಂದಿಷ್ಟು ಫಂಗಸ್ ಮದ್ದು, ಎಲ್ಲ ಒಂದೇ ಟ್ಯೂಬಿನಲ್ಲಿ. ಸ್ಟಿರಾಯ್ಡ್ ಇರುವುದರಿಂದ ಎರಡೇ ದಿನದಲ್ಲಿ ಕೆಂಪು ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ, ಎಲ್ಲರಿಗೂ ಸಮಾಧಾನ. ಚರ್ಮದ ತಡೆಶಕ್ತಿ ಕುಗ್ಗಿದ್ದರಿಂದ ಒಳಗಿನ ಫಂಗಸ್ ಮಾತ್ರ ಆರಾಮಾಗಿ ಹರಡುತ್ತಿರುತ್ತದೆ. ಮನುಷ್ಯರಲ್ಲಿ ಇದರ ಫಲ ನಾವೀಗಾಗಲೇ ಉಣ್ಣುತ್ತಿದ್ದೇವೆ. ಮಾಮೂಲಿ ಮದ್ದಿಗೆ ಬಗ್ಗದ ಹುಳುಕಡ್ಡಿ ದೇಶದ ತುಂಬ ಹಬ್ಬಿದೆ, ಅದನ್ನು ತರುವ ಫಂಗಸ್‌ಗೆ 2020ರಲ್ಲಿ ಇಟ್ಟ ಹೆಸರಿನಲ್ಲೇ ಇಂಡಿಯಾ ಇದೆ: ಟ್ರೈಕೋಫೈಟಾನ್ ಇಂಡೋಟಿನಿಯೇ. ಸ್ಟಿರಾಯ್ಡ್ ಕ್ರೀಮ್‌ಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿತು. ನಿಯಮ ದೆಹಲಿಯಲ್ಲಿ ಬಿಗಿಯಾಗಿದೆ, ಟ್ಯೂಬ್ ಗಲ್ಲಿಯಲ್ಲಿ ಸಿಗುತ್ತಲೇ ಇದೆ.

ಹಾಗಾದರೆ ಮಾಡುವುದೇನು? ತುರಿಕೆ ಎನ್ನುವುದು ಒಂದು ರೋಗವಲ್ಲ, ನಾಲ್ಕಾರು ಬೇರೆ ಬೇರೆ ತೊಂದರೆಗಳು ಒಂದೇ ಬಾಗಿಲಲ್ಲಿ ಬಂದು ನಿಲ್ಲುತ್ತವೆ. 'ಏನು ಹಚ್ಚಲಿ' ಎನ್ನುವ ಮೊದಲು 'ಇದು ಯಾವುದು' ಎಂದು ಕೇಳಬೇಕು. ಅದಕ್ಕೆ ಖರ್ಚಿಲ್ಲ, ಹತ್ತು ನಿಮಿಷ ಸಾಕು.

ಮಡಿಲಲ್ಲಿ ಒಂದು ಬಿಳಿ ಟವೆಲ್ ಹಾಸಿ ಪ್ರಾಣಿಯನ್ನು ಕೂರಿಸಿಕೊಳ್ಳಿ. ಬಾಯಿಗೆ ಕೊತ್ತಂಬರಿ ಕಡ್ಡಿ ಕೊಟ್ಟರೆ ಸುಮ್ಮನಿರುತ್ತದೆ. ಮೊಬೈಲ್ ಟಾರ್ಚ್ ಹಾಕಿ, ಎರಡು ಬೆರಳಲ್ಲಿ ರೋಮವನ್ನು ಹಿಮ್ಮುಖವಾಗಿ ಬಿಡಿಸುತ್ತ ಹೋಗಿ: ಕಿವಿಯ ಹಿಂದೆ, ಭುಜ, ಬೆನ್ನ ಕೆಳಗೆ, ತೊಡೆಯ ಒಳಭಾಗ, ಕೊನೆಗೆ ಅಂಗಾಲು. ಎಲ್ಲಿ ರೋಮ ಉದುರಿದೆ, ಅಲ್ಲಿ ಚರ್ಮ ಬರೀ ಬೋಳಾಗಿದೆಯೋ ಅಥವಾ ಒರಟಾಗಿ ಪೊರೆ ಕಟ್ಟಿದೆಯೋ, ಮುಟ್ಟಿದಾಗ ಕಿರುಚುತ್ತದೆಯೋ, ಟವೆಲ್ ಮೇಲೆ ಏನಾದರೂ ಹರಿದಾಡುತ್ತಿದೆಯೋ, ಇಷ್ಟನ್ನು ಗಮನಿಸಿ ಫೋಟೋ ತೆಗೆದಿಟ್ಟುಕೊಳ್ಳಿ. ಡಾಕ್ಟರ್ ಹತ್ತಿರ ಅರ್ಧ ಕೆಲಸ ಆ ಫೋಟೋಗಳೇ ಮಾಡುತ್ತವೆ.

ಸುಮ್ಮನೆ ಗಾಬರಿಯಾಗುವವರಿಗೆ ಒಂದೆರಡು ಮಾತು. ಎರಡೂ ಕಿವಿಗಳ ಹಿಂದೆ ರೋಮವಿಲ್ಲದ ಸಣ್ಣ ಜಾಗ ಎಲ್ಲ ಗಿನಿಪಿಗ್‌ಗೂ ಹುಟ್ಟಿನಿಂದಲೇ ಇರುತ್ತದೆ, ರೋಗವಲ್ಲ. ಕಣ್ಣಲ್ಲಿ ಆಗಾಗ ಹಾಲಿನಂಥ ಬಿಳಿ ನೀರು ಬರುವುದು ಮುಖ ತೊಳೆದುಕೊಳ್ಳಲು. ಗಂಡಿನ ಬೆನ್ನ ತುದಿಯಲ್ಲಿ, ಬಾಲ ಇರಬೇಕಾದ ಕಡೆ ಜಿಡ್ಡು ಕಟ್ಟಿದ್ದರೆ ಅದು ಅಲ್ಲಿರುವ ಎಣ್ಣೆಗ್ರಂಥಿಯ ಕೆಲಸ.

ಇನ್ನು ನಿಜವಾದ ಕಾಯಿಲೆಗಳು. ಇವುಗಳಲ್ಲಿ ಅತಿ ಕ್ರೂರವಾದದ್ದು ಕಜ್ಜಿ. ಟ್ರಿಕ್ಸಕಾರಸ್ ಕೇವಿಯೇ ಎಂಬ ನುಸಿ ಇದಕ್ಕೆ ಮೂಲ. ವಿಜ್ಞಾನಿಗಳು ಇದನ್ನು ಗುರುತಿಸಿ ಹೆಸರಿಟ್ಟದ್ದು 1972ರಲ್ಲಿ. ಮನುಷ್ಯರ ಕಜ್ಜಿಯ ನುಸಿಯಂತೆ ಇದೂ ಚರ್ಮದೊಳಗೆ ಸುರಂಗ ಕೊರೆದು ಮೊಟ್ಟೆಯಿಡುತ್ತದೆ, ಆದ್ದರಿಂದ ಬರಿಗಣ್ಣಿಗೆ ಕಾಣುವುದಿಲ್ಲ. ಕಾಣುವುದು ಅದರ ಹಾವಳಿ. ಭುಜದಿಂದ ಸೊಂಟದವರೆಗೆ ರೋಮ ಉದುರಿ, ಚರ್ಮ ದಪ್ಪಗಾಗಿ ಹಳದಿ ಪೊರೆ ಏಳುತ್ತದೆ. ಪ್ರಾಣಿ ತನ್ನ ಉಗುರಿನಿಂದಲೇ ತನ್ನ ಮೈ ಹರಿದುಕೊಳ್ಳುತ್ತದೆ. ತುರಿಕೆ ಎಷ್ಟಿರುತ್ತದೆಂದರೆ ಬೆನ್ನು ಮುಟ್ಟಿದೊಡನೆ ಸುತ್ತುತ್ತ ಬಿದ್ದು ಕಾಲು ಝಾಡಿಸುತ್ತದೆ, ನೋಡಿದವರು ಮೂರ್ಛೆರೋಗ ಎಂದುಕೊಳ್ಳುತ್ತಾರೆ. ಅಷ್ಟಾದ ಮೇಲೂ ಬಿಟ್ಟರೆ ಮೇವು ಬಿಟ್ಟು ಸಾಯುತ್ತದೆ. ಎತ್ತಿಕೊಂಡ ಮಕ್ಕಳ ಕೈ, ಹೊಟ್ಟೆಯ ಮೇಲೆ ಕೆಲದಿನ ಕೆಂಪು ಗುಳ್ಳೆ ಏಳಬಹುದು. ಈ ನುಸಿ ಮನುಷ್ಯರ ಮೈಯಲ್ಲಿ ಸಂಸಾರ ಹೂಡಲಾರದು, ಪ್ರಾಣಿಗೆ ವಾಸಿಯಾದರೆ ಮಕ್ಕಳ ಗುಳ್ಳೆಯೂ ಹೋಗುತ್ತದೆ.

ಇದಕ್ಕೆ ಒಳ್ಳೆಯ ಮದ್ದಿದೆ, ಐವರ್‌ಮೆಕ್ಟಿನ್. ಜಪಾನಿನ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯಿಂದ ಹುಟ್ಟಿದ ಈ ಔಷಧಕ್ಕಾಗಿ ಸತೋಷಿ ಒಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ 2015ರ ನೊಬೆಲ್ ಹಂಚಿಕೊಂಡರು. ಅದು ದನಗಳಿಗೂ ಬಳಸುವ ಔಷಧ, ಎಲ್ಲ ಕಡೆ ಸಿಗುತ್ತದೆ, ಅಪಾಯ ಇರುವುದೂ ಅಲ್ಲೇ. ಲೆಕ್ಕ ನೋಡಿ. ದನದ ಇಂಜೆಕ್ಷನ್ ಸಾಮಾನ್ಯವಾಗಿ ಶೇ 1ರದ್ದು, ಎಂದರೆ ಒಂದು ಮಿ.ಲೀ.ನಲ್ಲಿ 10 ಮಿ.ಗ್ರಾಂ. ಐವತ್ತು ಕೆ.ಜಿ. ತೂಕಕ್ಕೆ ಒಂದು ಮಿ.ಲೀ. ಕೊಡುವ ಮದ್ದು ಅದು. ಗಿನಿಪಿಗ್‌ಗೆ ಕೆ.ಜಿ.ಗೆ 0.2ರಿಂದ 0.4 ಮಿ.ಗ್ರಾಂ ಸಾಕು. ಎಂಟುನೂರು ಗ್ರಾಂ ಪ್ರಾಣಿಗೆ ಹೆಚ್ಚೆಂದರೆ 0.03 ಮಿ.ಲೀ., ಸಿರಿಂಜಿನ ತುದಿಯಿಂದ ಬೀಳುವ ಒಂದು ಹನಿಗಿಂತ ಕಡಿಮೆ! ಕಣ್ಣಳತೆಯಲ್ಲಿ 'ಸ್ವಲ್ಪ' ಹಾಕಿದರೆ ಹತ್ತುಪಟ್ಟು ಬಿದ್ದಿರುತ್ತದೆ. ಬಲ್ಲ ಡಾಕ್ಟರು ತೂಕ ಹಾಕಿ, ಮದ್ದನ್ನು ತೆಳುಮಾಡಿ ಕೊಡುತ್ತಾರೆ, ಇಲ್ಲವೇ ಕುತ್ತಿಗೆಯ ಹಿಂದೆ ಹನಿಸುವ ಸೆಲಮೆಕ್ಟಿನ್ ಬರೆಯುತ್ತಾರೆ. ಐವರ್‌ಮೆಕ್ಟಿನ್ ಮೊಟ್ಟೆಗಳನ್ನು ಕೊಲ್ಲುವುದಿಲ್ಲ. ಹತ್ತು–ಹದಿನಾಲ್ಕು ದಿನ ಬಿಟ್ಟು ಎರಡನೆಯದು, ಬೇಕಾದರೆ ಮೂರನೆಯದು ಬೀಳಲೇಬೇಕು. ಮೊದಲ ಡೋಸಿಗೇ ತುರಿಕೆ ಕಡಿಮೆಯಾಯಿತೆಂದು ಎರಡನೆಯದಕ್ಕೆ ಚಕ್ಕರ್ ಹೊಡೆಯುವವರ ಮನೆಯಲ್ಲಿ ತಿಂಗಳೊಳಗೆ ಅದೇ ಕಥೆ ಮರಳುತ್ತದೆ. ಜೊತೆಗಿರುವ ಪ್ರಾಣಿ ಕೆರೆದುಕೊಳ್ಳದಿದ್ದರೂ ಅದಕ್ಕೂ ಮದ್ದು ಆಗಬೇಕು.

ಹೇನು ಇಷ್ಟು ಕೆಟ್ಟದ್ದಲ್ಲ. ರೋಮದ ಬುಡದಲ್ಲಿ ಸಣ್ಣ ಎಳ್ಳಿನ ಚೂರಿನಂತೆ ಓಡಾಡುವುದು ಕಾಣುತ್ತದೆ, ಸೀರು ರೋಮಕ್ಕೆ ಅಂಟಿಕೊಂಡಿರುತ್ತದೆ. ಗಿನಿಪಿಗ್ ಹೇನು ಮಕ್ಕಳ ತಲೆಗೆ ಹತ್ತುವುದಿಲ್ಲ, ಅಮ್ಮಂದಿರು ನಿಶ್ಚಿಂತೆಯಾಗಿರಬಹುದು. ಇವೆಲ್ಲ ಹೆಚ್ಚಾಗಿ ಬರುವುದು ಹೊಸದಾಗಿ ತಂದ ಪ್ರಾಣಿಯ ಜೊತೆ. ಎರಡು ಮೂರು ವಾರ ಬೇರೆ ಇಟ್ಟು ನೋಡಿ ಆಮೇಲೆ ಜೊತೆಗೆ ಬಿಡುವುದು ಕ್ಷೇಮ. ನಾಯಿಗೆ ತಂದ ಉಣ್ಣೆ ಸ್ಪ್ರೇ, ತಲೆಹೇನಿನ ಶಾಂಪೂ, ಕರ್ಪೂರ ಬೆರೆಸಿದ ಎಣ್ಣೆ, ಸೀಮೆಎಣ್ಣೆ, ಫಿನಾಯಿಲ್, ಇವು ಯಾವುವೂ ಇದರ ಮೈಗಲ್ಲ. ಬೇವಿನೆಣ್ಣೆಯ ಅಭಿಮಾನಿಗಳು ಬೇಸರಪಟ್ಟುಕೊಳ್ಳಬಾರದು, ಚರ್ಮದೊಳಗೆ ಸುರಂಗದಲ್ಲಿ ಕೂತ ನುಸಿಯನ್ನು ಅದು ಮುಟ್ಟುವುದೂ ಇಲ್ಲ.

ಹುಳುಕಡ್ಡಿಯ ಮುಖವೇ ಬೇರೆ. ಸಾಮಾನ್ಯವಾಗಿ ಮೂಗು, ಕಣ್ಣಿನ ಸುತ್ತ, ಕಿವಿಯಿಂದ ಶುರುವಾಗಿ ಬೆನ್ನಿಗೆ ಇಳಿಯುತ್ತದೆ. ದುಂಡಗೆ ರೋಮ ಉದುರಿ ಬೂದಿಯಂಥ ಹೊಟ್ಟು ಏಳುತ್ತದೆ, ಕಜ್ಜಿಯಷ್ಟು ತುರಿಕೆ ಇರುವುದಿಲ್ಲ. ಫಂಗಸ್ ಹೊತ್ತ ಎಷ್ಟೋ ಪ್ರಾಣಿಗಳ ಮೈಮೇಲೆ ಏನೂ ಕಾಣುವುದೇ ಇಲ್ಲ. ಮಗುವಿನ ಕುತ್ತಿಗೆಯಲ್ಲೋ ಮೊಣಕೈ ಒಳಗೋ, ಅಂದರೆ ಗಿನಿಪಿಗ್‌ ಅನ್ನು ಅವಚಿಕೊಳ್ಳುವ ಜಾಗದಲ್ಲಿ, ಕೆಂಪು ಉಂಗುರ ಎದ್ದಾಗಲೇ ಗೊತ್ತಾಗುವುದು. ಆಗ ಮಗುವನ್ನು ಚರ್ಮದ ಡಾಕ್ಟರಿಗೆ ತೋರಿಸುವಾಗ 'ಮನೆಯಲ್ಲಿ ಗಿನಿಪಿಗ್ ಇದೆ' ಎಂದು ಬಾಯಿಬಿಟ್ಟು ಹೇಳಬೇಕು, ಪ್ರಾಣಿಯನ್ನೂ ಅದೇ ವಾರ ತೋರಿಸಬೇಕು. ಒಬ್ಬರಿಗೆ ಮದ್ದು ಮಾಡಿ ಇನ್ನೊಬ್ಬರನ್ನು ಬಿಟ್ಟರೆ ಫಂಗಸ್ ಮನೆಯೊಳಗೇ ಓಡಾಡಿಕೊಂಡಿರುತ್ತದೆ. ಕತ್ತಲಲ್ಲಿ ನೇರಳೆ ದೀಪ ಹಿಡಿದು ನೋಡುವ ಪರೀಕ್ಷೆಯಲ್ಲಿ ಗಿನಿಪಿಗ್‌ನ ಫಂಗಸ್ ಸಾಮಾನ್ಯವಾಗಿ ಹೊಳೆಯುವುದಿಲ್ಲ. ರೋಮ ಕಿತ್ತು ಲ್ಯಾಬಿನಲ್ಲಿ ಬೆಳೆಸಿ ನೋಡಿದರೇ ಖಾತ್ರಿ, ಅದಕ್ಕೆ ಎರಡು ಮೂರು ವಾರ ಬೇಕು. ಚಿಕಿತ್ಸೆಯೂ ವಾರಗಟ್ಟಲೆ ಹಿಡಿಯುತ್ತದೆ.

ಶೀಟಿನ ಮನೆಗಳಲ್ಲಿ ಮಳೆಗಾಲವಿಡೀ ಗೋಡೆ ತೇವ, ಬಟ್ಟೆ ಒಣಗದು, ಪಂಜರ ಇರುವುದು ಬಚ್ಚಲ ಪಕ್ಕದ ಗಾಳಿಯಾಡದ ಮೂಲೆಯಲ್ಲಿ. ಫಂಗಸ್‌ಗೆ ಇದಕ್ಕಿಂತ ಬೇಕೆ? ಅದರ ಬೀಜಾಣುಗಳು ಉದುರಿದ ರೋಮದಲ್ಲಿ, ಹಾಸಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಹಾಸನ್ನು ಕವರಿಗೆ ಕಟ್ಟಿ ಎಸೆದು, ಪಂಜರವನ್ನು ಸೋಪಿನಲ್ಲಿ ಉಜ್ಜಿ, ನೀರು ಬೆರೆಸಿದ ಬ್ಲೀಚಿಂಗ್ ದ್ರಾವಣದಲ್ಲಿ ಹತ್ತು ನಿಮಿಷ ನೆನೆಸಿ, ಚೆನ್ನಾಗಿ ತೊಳೆದು ತಾರಸಿಯ ಬಿಸಿಲಲ್ಲಿ ಒಣಗಿಸಬೇಕು. ಪ್ರಾಣಿಯನ್ನು ಮಾತ್ರ ಬಿಸಿಲಿಗಿಡಬೇಡಿ. ಆಂಡಿಸ್ ಬೆಟ್ಟಗಳ ತಂಪಿನಿಂದ ಬಂದ ಜೀವ ಅದು. ಏಪ್ರಿಲ್‌ನಲ್ಲಿ ಶೀಟಿನ ಕೆಳಗೆ ಮಧ್ಯಾಹ್ನ ಕಳೆಯುವುದೇ ಅದಕ್ಕೆ ಪ್ರಾಣಸಂಕಟ.

ಪಂಜರದ ಮಾತು ಬಂತಲ್ಲ, ಅಂಗಾಲನ್ನು ನೋಡಿದ್ದೀರಾ? ಲವ್‌ಬರ್ಡ್ಸ್ ಪಂಜರದಲ್ಲೇ ಗಿನಿಪಿಗ್‌ ಅನ್ನೂ ಕೂರಿಸಿ ಮಾರುವ ಅಂಗಡಿಗಳಿವೆ, ಕೆಳಗೆ ತಂತಿಯ ಜಾಲರಿ. ಆ ತಂತಿಯ ಮೇಲೆ ದಿನವಿಡೀ ನಿಂತ ಪಾದ ಮೊದಲು ಕೆಂಪಾಗುತ್ತದೆ, ಆಮೇಲೆ ಊದುತ್ತದೆ, ಕೊನೆಗೆ ಬಿರಿದು ಕೀವು ತುಂಬಿ ಸೋಂಕು ಮೂಳೆಗೆ ಇಳಿಯುತ್ತದೆ. ಆ ಹಂತಕ್ಕೆ ಹೋದರೆ ವಾಸಿಮಾಡುವುದು ಬಹಳ ಕಷ್ಟ. ಜಾಲರಿಯ ಮೇಲೆ ಒಂದು ರಟ್ಟು, ಅದರ ಮೇಲೆ ದಪ್ಪಗೆ ಪೇಪರ್, ಮೇಲೊಂದು ಹಳೇ ಟವೆಲ್ ಹಾಸಿ ದಿನಾ ಬದಲಿಸಿದರೆ ಶುರುವಿನಲ್ಲೇ ತಡೆಯಬಹುದು.

ಹಾಸಿಗೆಂದು ನಮ್ಮ ಕಡೆ ಪುಕ್ಕಟೆ ಸಿಗುವ ವಸ್ತುಗಳು ಎರಡು, ಎರಡೂ ಬೇಡ. ಒಂದು ಬಡಗಿ ಅಂಗಡಿಯ ಮರದ ಪುಡಿ. ಅದರಲ್ಲಿ ಪ್ಲೈವುಡ್ಡಿನ ಅಂಟೂ ಸೇರಿರುತ್ತದೆ, ದೂಳು ಕಣ್ಣು ಮೂಗು ಉರಿಸುತ್ತದೆ, ಗಂಡಿನ ಜನನಾಂಗದ ಮಡಿಕೆಯಲ್ಲಿ ಗಂಟುಕಟ್ಟಿ ಹುಣ್ಣಾಗುತ್ತದೆ. ಇನ್ನೊಂದು ವರ್ಕ್‌ಶಾಪ್‌ಗಳಲ್ಲಿ ಮೆಷಿನ್ ಒರೆಸಲು ತರುವ ಬನಿಯನ್ ವೇಸ್ಟ್. ಮೆತ್ತಗಿದೆ ಎಂದು ಹಾಕುತ್ತಾರೆ. ಅದರ ಎಳೆ ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡಾಟ ನಿಂತು ಬೆರಳೇ ಹೋಗಬಹುದು.

ಚರ್ಮದ ಇಷ್ಟೆಲ್ಲ ತೊಂದರೆಗಳ ಹಿಂದೆ ಎಷ್ಟೋ ಸಲ ಇನ್ನೊಂದು ಕೊರತೆ ಅಡಗಿರುತ್ತದೆ. ನಮ್ಮಂತೆಯೇ ಗಿನಿಪಿಗ್ ಕೂಡ ಸಿ ವಿಟಮಿನ್ನನ್ನು ಮೈಯೊಳಗೆ ತಯಾರಿಸಿಕೊಳ್ಳಲಾರದು. ನಾಯಿ, ಬೆಕ್ಕು, ಇಲಿ ಎಲ್ಲ ತಯಾರಿಸಿಕೊಳ್ಳುತ್ತವೆ. ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೊಡೋರ್ ಫ್ರೋಲಿಕ್ 1907ರಲ್ಲಿ ಬರೀ ಕಾಳು, ಬ್ರೆಡ್ಡು ತಿನ್ನಿಸಿದ ಗಿನಿಪಿಗ್‌ಗಳಿಗೆ ನಾವಿಕರ ಸ್ಕರ್ವಿ ರೋಗ ಬರುವುದನ್ನು ತೋರಿಸಿದರು, ತಾಜಾ ತರಕಾರಿ ಕೊಟ್ಟಾಗ ಅದು ತಪ್ಪಿತು. ಸಿ ವಿಟಮಿನ್ನಿನ ಚರಿತ್ರೆ ಬೆಳೆದದ್ದೇ ಅಲ್ಲಿಂದ. ಅನ್ನ, ಚಪಾತಿ, ಬಿಸ್ಕತ್ತಿನ ಮೇಲೆ ಬೆಳೆದ ನಮ್ಮ ಗಲ್ಲಿಯ ಗಿನಿಪಿಗ್ ಆ ಪ್ರಯೋಗವನ್ನೇ ಮತ್ತೆ ಮಾಡಿ ತೋರಿಸುತ್ತಿರುತ್ತದೆ: ಒರಟು ರೋಮ, ಹೊಟ್ಟು, ಮಾಯದ ಗಾಯ, ಊದಿದ ಕೀಲು, ನಡೆಯಲು ಒಲ್ಲದ ಕಾಲು. ತಡೆಶಕ್ತಿ ಕುಗ್ಗಿದ ಮೈಗೆ ನುಸಿಯೂ ಬೇಗ ಹತ್ತುತ್ತದೆ.

ದಿನಕ್ಕೆ ಬೇಕಾದದ್ದು ಪ್ರತಿ ಕೆ.ಜಿ. ತೂಕಕ್ಕೆ 10ರಿಂದ 30 ಮಿ.ಗ್ರಾಂ, ಗಬ್ಬದ ಪ್ರಾಣಿಗೆ ಮೇಲಿನ ಅಂಕಿ. ಒಂದು ಹೋಳು ದಪ್ಪ ಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ, ಆಗಾಗ ಸೀಬೆಹಣ್ಣಿನ ಚೂರು ಕೊಟ್ಟರೆ ಲೆಕ್ಕ ಮುಗಿಯಿತು. ಹೊಟ್ಟೆ ತುಂಬಲು ಹುಲ್ಲು ಬೇಕೇಬೇಕು. ಗಣಪತಿ ಪೂಜೆಗೆ ಕಟ್ಟು ಕಟ್ಟಿ ಮಾರುವ ಗರಿಕೆ ಒಳ್ಳೆಯ ಮೇವು, ತೊಳೆದು ಕೊಡಿ. ಚರಂಡಿ ಪಕ್ಕದ್ದನ್ನು ಕಿತ್ತು ತರಬೇಡಿ, ಬೀದಿನಾಯಿಗಳ ಉಚ್ಚೆಯಿಂದ ಹಿಡಿದು ಲಾರಿ ಹೊಗೆಯವರೆಗೆ ಎಲ್ಲ ಅದರ ಮೇಲಿರುತ್ತದೆ. ಪಾಲಕ್ ಅಪರೂಪಕ್ಕೆ ಸಾಕು, ದಿನಾ ಕೊಟ್ಟರೆ ಮೂತ್ರದಲ್ಲಿ ಕಲ್ಲು ಕಟ್ಟುವ ಭಯ. ಕುಡಿಯುವ ನೀರಿಗೆ ವಿಟಮಿನ್ ಹನಿ ಬೆರೆಸುವುದು ದುಡ್ಡು ದಂಡ, ಬೆಳಕಿಗೆ ಅದು ಬೇಗ ಹಾಳಾಗುತ್ತದೆ. ಪೆಲೆಟ್ ಚೀಲದ ಮೇಲೆ ಸಿ ವಿಟಮಿನ್ ಎಂದು ಬರೆದಿದ್ದರೂ ತಯಾರಾಗಿ ಮೂರು ತಿಂಗಳು ಕಳೆದಿದ್ದರೆ ಅದನ್ನೇ ನಂಬಿ ಕೂರುವಂತಿಲ್ಲ.

ತುರಿಕೆಯೇ ಇಲ್ಲದೆ ಎರಡೂ ಪಕ್ಕೆಗಳಲ್ಲಿ ಕನ್ನಡಿ ಹಿಡಿದಂತೆ ಸಮನಾಗಿ ರೋಮ ಉದುರುತ್ತಿದ್ದರೆ, ಪ್ರಾಣಿ ಎರಡು ವರ್ಷ ದಾಟಿದ ಹೆಣ್ಣಾಗಿದ್ದರೆ, ಚರ್ಮವನ್ನು ಬಿಟ್ಟು ಅಂಡಾಶಯದ ಕಡೆ ನೋಡಬೇಕು. ಅಲ್ಲಿ ನೀರುಗುಳ್ಳೆ ಬೆಳೆಯುವುದು ವಯಸ್ಸಾದ ಹೆಣ್ಣುಗಳಲ್ಲಿ ತೀರಾ ಸಾಮಾನ್ಯ. ಸ್ಕ್ಯಾನ್‌ನಲ್ಲಿ ಗೊತ್ತಾಗುತ್ತದೆ, ಮುಲಾಮಿಗೆ ಅಲ್ಲಿ ಕೆಲಸವಿಲ್ಲ. ಗದ್ದದ ಕೆಳಗೆ ಗೋಲಿಯಂಥ ಗಂಟು ಎದ್ದರೆ ಒಳಗೆ ಕೀವಿರುವ ಸಾಧ್ಯತೆ ಹೆಚ್ಚು. ಮನೆಯಲ್ಲಿ ಒತ್ತಿ ಒಡೆಯಲು ಹೋಗಬಾರದು.

ಎಲ್ಲಿಗೆ ಹೋಗುವುದು? ಎಲ್ಲ ಪಶುವೈದ್ಯರಿಗೂ ಗಿನಿಪಿಗ್ ನೋಡಿ ರೂಢಿಯಿರುವುದಿಲ್ಲ, ಅದರಲ್ಲಿ ಅವಮಾನವೇನಿಲ್ಲ, ಅವರು ಹೆಚ್ಚಾಗಿ ನೋಡುವುದು ನಾಯಿ, ಬೆಕ್ಕು, ದನ. ಹೊರಡುವ ಮುಂಚೆ ಫೋನ್ ಮಾಡಿ 'ಸರ್, ಮೊಲ, ಗಿನಿಪಿಗ್ ನೋಡುತ್ತೀರಾ' ಎಂದು ಕೇಳಿದರೆ ಆಟೋ ಖರ್ಚು ಉಳಿಯುತ್ತದೆ. ಇಲ್ಲದಿದ್ದರೆ ಲಗ್ಗೆರೆ ಮೇಲೆ ರಿಂಗ್ ರೋಡ್ ಹಿಡಿದು, ಗೊರಗುಂಟೆಪಾಳ್ಯ ದಾಟಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಗಾಳಿತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಟವೆಲ್ ಹಾಸಿ, ಜೊತೆಗಾರನಿದ್ದರೆ ಅವನನ್ನೂ ಸೇರಿಸಿ, ಒಂದು ಕಟ್ಟು ಸೊಪ್ಪು ಹಾಕಿ ಕರೆದೊಯ್ಯಿರಿ. ಆಸ್ಪತ್ರೆಗೆಂದು ಉಪವಾಸ ಕೆಡವಬೇಡಿ. ಗಿನಿಪಿಗ್ ವಾಂತಿ ಮಾಡಲಾರದು, ಅರ್ಧ ದಿನ ಮೇವು ನಿಂತರೂ ಕರುಳು ಕೆಲಸ ನಿಲ್ಲಿಸುತ್ತದೆ. ಅದುವರೆಗೆ ಏನೇನು ಹಚ್ಚಿದ್ದೀರೋ ಆ ಟ್ಯೂಬ್‌ಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ. ಬೈಯುತ್ತಾರೆಂದು ಮುಚ್ಚಿಟ್ಟರೆ ಚರ್ಮ ಕೆರೆದು ನೋಡುವಾಗ ಡಾಕ್ಟರಿಗೆ ಕಾಣುವುದು ಕಾಯಿಲೆಯ ನಿಜವಾದ ಮುಖವಲ್ಲ, ಸ್ಟಿರಾಯ್ಡ್ ತಿದ್ದಿದ ಮುಖ.

ಮಾತ್ರೆಯೋ ಸಿರಪ್ಪೋ ಬರೆದುಕೊಟ್ಟಾಗ 'ಇದು ಪೆನಿಸಿಲಿನ್ ಜಾತಿಯದಲ್ಲ ತಾನೆ' ಎಂದು ಒಂದು ಮಾತು ಕೇಳಿ. ಒಳ್ಳೆಯ ಡಾಕ್ಟರು ಬೇಸರ ಮಾಡಿಕೊಳ್ಳುವುದಿಲ್ಲ. ಮುಂದಿನ ಡೋಸಿನ ತಾರೀಖನ್ನು ಚೀಟಿಯ ಮೇಲೆ ಬರೆಸಿಕೊಂಡು, ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಕ ಹಾಕುತ್ತಿರಿ. ರೋಮ ಮತ್ತೆ ಬರಲು ತಿಂಗಳುಗಳೇ ಹಿಡಿಯಬಹುದು, ಮದ್ದು ಹಿಡಿದಿದೆಯೋ ಇಲ್ಲವೋ ಎನ್ನುವುದನ್ನು ಅದಕ್ಕಿಂತ ಮೊದಲೇ ತೂಕ ಹೇಳುತ್ತದೆ.